ತೇಪೆಯ ಡಬ್ಬಿಯೂ ಮುಂಗಾರಿನ ಮಾಡೂ

ಮೃಗಶಿರಾ ಮಳೆ ಹಿಡಿಯುವ ಮುನ್ನ ಮನೆಯ ಮಾಡನ್ನೊಮ್ಮೆ ಹತ್ತಿ ನೋಡುವುದು ನಮ್ಮ ಸೀಮೆಯ ಹಳೆಯ ರೂಢಿ. ನ್ಯಾಮತಿ, ಚನ್ನಗಿರಿಯ ಗುಡ್ಡದಂಚಿನ ಊರುಗಳಲ್ಲಿ ಹೆಂಚಿಗೆ ಕೈಯಾಡಿಸಿ, ಒಡೆದುದನ್ನು ತೆಗೆದು ಹೊಸದನ್ನು ಕೂರಿಸುತ್ತಿದ್ದರು. ಜಗಳೂರಿನ ಬಯಲಿನಲ್ಲಿ ಮಾಳಿಗೆಯ ಮೇಲೆ ಕರಲು ಮಣ್ಣು ಹರಡಿ, ತುಳಿದು ಗಟ್ಟಿ ಮಾಡುತ್ತಿದ್ದರು. ಹೊಳೆದಂಡೆಯಲ್ಲಿ ಹರಿಗೋಲನ್ನು ಮಗುಚಿ ಹಾಕಿ ತಳಕ್ಕೆ ಡಾಂಬರು ಬಳಿಯುತ್ತಿದ್ದರು. ಈ ಮೂರೂ ಕೆಲಸಗಳಿಗೆ ಪೇಟೆಯು ಈಗ ಒಂದೇ ಉತ್ತರವನ್ನು ತೋರಿಸುತ್ತಿದೆ: ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಡಬ್ಬಿ, ಗುಂಡಿ ಒತ್ತಿದೊಡನೆ ಬುಸ್ಸೆಂದು ಹೊರಬರುವ ಕರಿಯ ದ್ರವ, ಒಣಗಿದ ಮೇಲೆ ರಬ್ಬರಿನಂತೆ ಹಿಗ್ಗುವ ಒಂದು ಪೊರೆ. ಸೋರುವ ಮಾಡು, ಸೀಳಿದ ಪೈಪು, ತೂತಾದ ತೊಟ್ಟಿ, ಬಿರುಕುಬಿಟ್ಟ ಗೋಡೆ ಎಲ್ಲಕ್ಕೂ ಇದೇ ಮದ್ದೆಂದು ಹಾರ್ಡ್‌ವೇರ್ ಅಂಗಡಿಯ ಗೋಡೆಯ ಮೇಲೂ ಮೊಬೈಲಿನ ತೆರೆಯ ಮೇಲೂ ಸಾರಲಾಗುತ್ತಿದೆ.

ಇದನ್ನು ಮನೆಯಲ್ಲಿಟ್ಟುಕೊಳ್ಳಬೇಕೇ, ಪಂಚಾಯಿತಿಯ ಮುಂಗಾರು ಸಿದ್ಧತೆಯ ಪಟ್ಟಿಯಲ್ಲಿ ಸೇರಿಸಬೇಕೇ ಎಂಬುದು ಈ ಸಂಚಿಕೆಯ ಪ್ರಶ್ನೆ. ಹೊಸದೆಂಬ ಒಂದೇ ಕಾರಣಕ್ಕೆ ಮೂಗು ಮುರಿಯುವುದು ನಮ್ಮ ಬಳಗದ ರೀತಿಯಲ್ಲ. ಮಳೆಯಲ್ಲಿ ನೆನೆಯುತ್ತಿರುವ ಬಾಣಂತಿಯ ತಲೆಯ ಮೇಲಿನ ತೂತನ್ನು ಒಂದು ಡಬ್ಬಿ ಮುಚ್ಚುವುದಾದರೆ ಅದನ್ನು ಬೇಡವೆನ್ನಲು ನಾವು ಯಾರು? ಆದರೆ ಅದು ಯಾವ ತೂತನ್ನು ಮುಚ್ಚುತ್ತದೆ, ಯಾವುದನ್ನು ಮುಚ್ಚಿದಂತೆ ತೋರಿಸಿ ಮೋಸ ಮಾಡುತ್ತದೆ ಎಂಬುದನ್ನು ತಿಳಿಯದೆ ಕೊಳ್ಳುವುದು ಸಲ್ಲದು.

ಮೊದಲಿಗೆ ಡಬ್ಬಿಯೊಳಗೆ ಏನಿದೆಯೆಂದು ನೋಡೋಣ. ರಬ್ಬರನ್ನು ಒಂದು ದ್ರಾವಕದಲ್ಲಿ ಕರಗಿಸಿ, ಬೇಕಾದೆಡೆ ಬಳಿದು, ದ್ರಾವಕ ಆವಿಯಾದ ಮೇಲೆ ಉಳಿಯುವ ಪೊರೆಯಿಂದ ನೀರನ್ನು ತಡೆಯುವ ಉಪಾಯ ಹೊಸತೇನಲ್ಲ. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲಿಯೇ ಕಲ್ಲಿದ್ದಲ ಡಾಂಬರಿನಿಂದ ಬಂದ ನಾಫ್ತಾದಲ್ಲಿ ರಬ್ಬರನ್ನು ಕರಗಿಸಿ, ಎರಡು ಬಟ್ಟೆಗಳ ನಡುವೆ ಬಳಿದು ಮಳೆಯಂಗಿಯನ್ನು ಮಾಡಿದ್ದ. ಇಂದಿನ ಡಬ್ಬಿಯೂ ಅದೇ ವಂಶದ್ದು. ಸಾಮಾನ್ಯವಾಗಿ ಕೃತಕ ರಬ್ಬರು ಅಥವಾ ಡಾಂಬರಿನ ಜಾತಿಯ ಅಂಟು, ಅದನ್ನು ಕರಗಿಸಿಡಲು ಟಾಲ್ವಿನ್, ಝೈಲೀನ್‌ಗಳಂತಹ ಪೆಟ್ರೋಲಿಯಂ ದ್ರಾವಕ, ಹೊರದಬ್ಬಲು ಅಡುಗೆ ಅನಿಲದ ಬಳಗಕ್ಕೇ ಸೇರಿದ ಪ್ರೊಪೇನ್, ಬ್ಯೂಟೇನ್. ಒಂದು ಕಾಲಕ್ಕೆ ಇಂತಹ ಡಬ್ಬಿಗಳಲ್ಲಿ ಓಝೋನ್ ಪದರವನ್ನು ತಿನ್ನುವ ಸಿಎಫ್‌ಸಿ ಅನಿಲವಿರುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಅದು ತೊಲಗಿತು. ಆಕಾಶದ ತೂತಿಗೆ ಆದ ಉಪಕಾರವನ್ನು ನೆನೆಯೋಣ. ಆದರೆ ಅದರ ಜಾಗಕ್ಕೆ ಬಂದದ್ದು ಬೆಂಕಿ ಹಿಡಿಯುವ ಅನಿಲ. ಹಾಗಾಗಿ ಒಲೆಯ ಮುಂದೆ, ಬೀಡಿ ಹಚ್ಚಿಕೊಂಡು, ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಈ ಡಬ್ಬಿಯನ್ನು ಬಳಸುವುದೆಂದರೆ ಮನೆಯೊಳಗೆ ಗ್ಯಾಸು ಬಿಟ್ಟಂತೆಯೇ ಸರಿ.

ಇಲ್ಲೊಂದು ಮಾತು ಹೇಳಿಬಿಡಬೇಕು. ಡಬ್ಬಿಯ ಮೇಲೆ ‘ರಬ್ಬರು’ ಎಂದಿರುವುದನ್ನು ಕಂಡು ಇದು ಮರದ ಹಾಲಿನಿಂದ ಬಂದ ಸಹಜ ವಸ್ತು ಎಂದು ನಂಬುವವರಿದ್ದಾರೆ. ಮರದ ರಬ್ಬರಿನ ಕಥೆಯೂ ಅಷ್ಟು ಹಸಿರಾದುದಲ್ಲ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಬದುಕು ಕಟ್ಟಿಕೊಡಲೆಂದು ಸುಳ್ಯ, ಪುತ್ತೂರಿನ ಕಡೆಯ ಅರಣ್ಯಭೂಮಿಯಲ್ಲಿ ಸರ್ಕಾರವೇ ರಬ್ಬರು ತೋಟಗಳನ್ನು ಎಬ್ಬಿಸಿತು. ಆ ಜನರಿಗೆ ಅನ್ನ ಸಿಕ್ಕಿತು, ನಿಜ. ಅನಂತರದ ವರ್ಷಗಳಲ್ಲಿ ಖಾಸಗಿ ತೋಟಗಳ ಏಕಬೆಳೆಯಾಗಿ ರಬ್ಬರು ಘಟ್ಟದ ಮಡಿಲಿಗೆ ಏರಿದ ಬಗೆ ಬೇರೆಯೇ. ಇರಲಿ, ಡಬ್ಬಿಯೊಳಗಿನದು ಬಹುಮಟ್ಟಿಗೆ ಆ ಮರದ್ದೂ ಅಲ್ಲ, ಕಚ್ಚಾತೈಲದ್ದು.

ಈ ಸರಕಿಗೆ ಜಗತ್ತಿನಾದ್ಯಂತ ಹೆಸರು ತಂದದ್ದು 2011ರಲ್ಲಿ ಅಮೆರಿಕದ ಟೀವಿಗಳಲ್ಲಿ ಬಂದ ಫ್ಲೆಕ್ಸ್ ಸೀಲ್ ಎಂಬ ಡಬ್ಬಿಯ ಜಾಹೀರಾತು. ಅದರಲ್ಲಿ ದೋಣಿಯೊಂದರ ತಳವನ್ನು ಕತ್ತರಿಸಿ, ಅಲ್ಲಿ ಜಾಲರಿ ಬಾಗಿಲನ್ನು ಕೂರಿಸಿ, ಅದರ ಮೇಲೆ ರಬ್ಬರು ತುಂತುರಿಸಿ ನೀರಿಗಿಳಿಸುತ್ತಾರೆ, ದೋಣಿ ತೇಲುತ್ತದೆ. ನೋಡಲು ಸೊಗಸೇ. ಆದರೆ ತಿಳಿನೀರಿನಲ್ಲಿ ಕೆಲವು ನಿಮಿಷ ತೇಲುವುದಕ್ಕೂ, ಶ್ರಾವಣದ ತುಂಗಭದ್ರೆಯಲ್ಲಿ ಮಕ್ಕಳನ್ನೂ ಮೇವಿನ ಹೊರೆಯನ್ನೂ ಹೊತ್ತು ದಡ ಮುಟ್ಟುವುದಕ್ಕೂ ಇರುವ ಅಂತರವನ್ನು ನಮ್ಮ ಅಂಬಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜನ ದಾಟುವ ಹರಿಗೋಲಿಗೆ ಡಬ್ಬಿಯ ತೇಪೆ ಬೇಡ.

ಹಾಗಾದರೆ ಅದು ಯಾವುದಕ್ಕೆ ಒಳ್ಳೆಯದು? ತಗಡಿನ ಮಾಡಿನಲ್ಲಿ ಮೊಳೆ ಸಡಿಲಗೊಂಡ ಸಣ್ಣ ತೂತು, ಸೂರಿನ ನೀರು ಹಿಡಿಯುವ ತಗಡಿನ ದೋಣಿಯ ಬೆಸುಗೆ ಬಿಟ್ಟ ಕಡೆ, ಕೊಟ್ಟಿಗೆಯ ತಗಡಿನ ಅಂಚು, ದನಗಳ ಮನೆಯ ಹೊರಗಿನ ಗಾರೆಯ ಸೀಳು. ಇಂತಹ ಕಡೆ, ಮೇಲಿನಿಂದ ಬೀಳುವ ನೀರಿಗೆ ತಡೆಯಾಗಿ, ಒಂದೆರಡು ಮಳೆಗಾಲದ ಮಟ್ಟಿಗೆ ಅದು ಕೆಲಸ ಮಾಡೀತು. ಆದರೆ ಜಾಗ ಧೂಳಿಲ್ಲದೆ, ಜಿಡ್ಡಿಲ್ಲದೆ ಒಣಗಿರಬೇಕು. ಒಂದೇ ಸಲ ದಪ್ಪನಾಗಿ ಹೊಡೆಯದೆ, ತೆಳುವಾಗಿ ಎರಡು ಮೂರು ಪದರ ಹೊಡೆಯಬೇಕು. ಪೂರ್ತಿ ಗಟ್ಟಿಯಾಗಲು ಒಂದೆರಡು ದಿನವಾದರೂ ಬಿಡಬೇಕು. ಹೀಗೆ ಪದರಗಟ್ಟಿ ಹೊಡೆದರೆ ಒಂದು ಡಬ್ಬಿ ಒಂದು ಚದರ ಮೀಟರಿಗೂ ಸಾಲದು. ಇಡೀ ಮಾಡಿಗೆ ಬಳಿಯುತ್ತೇನೆಂದು ಹೊರಟವನ ಕಿಸೆಯೇ ಮೊದಲು ಸೋರುತ್ತದೆ. ಆಪತ್ಕಾಲದ ಬಂಧುವೆಂದು ಮಾರುವ ಈ ವಸ್ತುವಿಗೆ ಆಪತ್ತಿನ ಹೊತ್ತಿನಲ್ಲಿ, ಎಂದರೆ ಮಳೆ ಸುರಿಯುತ್ತಿರುವಾಗ, ಅಂಟುವ ಶಕ್ತಿ ಕಡಿಮೆ. ಬಳಸುವುದಿದ್ದರೆ ಮೇ ತಿಂಗಳ ಬಿಸಿಲಿನಲ್ಲಿ ಬಳಸಬೇಕು. ಸುರಿವ ಮಳೆಯಲ್ಲಿ ತಾಡಪಾಲು, ಹಗ್ಗ ಮತ್ತು ನಾಲ್ಕು ಮರಳಿನ ಚೀಲಗಳೇ ಮೇಲು.

ರೈತರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ತೋಟದ ಕರಿಯ ಎಚ್‌ಡಿಪಿಇ ಪೈಪು, ಮನೆಯ ಮೇಲಿನ ಪ್ಲಾಸ್ಟಿಕ್ ನೀರಿನ ಟ್ಯಾಂಕು, ಕೃಷಿಹೊಂಡಕ್ಕೆ ಹಾಸುವ ಹಾಳೆ ಇವೆಲ್ಲವೂ ಸಾಮಾನ್ಯವಾಗಿ ಪಾಲಿಥೀನ್ ಜಾತಿಯವು. ಮೇಣದಂತೆ ನುಣುಪಾದ ಈ ಪ್ಲಾಸ್ಟಿಕ್ಕಿಗೆ ಯಾವ ಅಂಟೂ ಸುಲಭವಾಗಿ ಹಿಡಿಯದು. ತುಂತುರು ರಬ್ಬರು ಅದರ ಮೇಲೆ ಕೂತಂತೆ ಕಂಡರೂ ನೀರಿನ ಒತ್ತಡ ಬಂದೊಡನೆ ಸಿಪ್ಪೆಯಂತೆ ಎದ್ದು ಬರುತ್ತದೆ. ಅವನ್ನು ಕಾಯಿಸಿ ಬೆಸೆಯಬೇಕು. ಪಿವಿಸಿ ಪೈಪಿಗಾದರೆ ಅದರದೇ ದ್ರಾವಕದ ಅಂಟಿದೆ. ಕೊಳವೆಬಾವಿಯ ಪೈಪಿಗೆ ಹಳೆಯ ಸೈಕಲ್ ಟ್ಯೂಬನ್ನು ಸೀಳಿ, ಎಳೆದು ಎಳೆದು ಬಿಗಿಯಾಗಿ ಸುತ್ತುವ ನಮ್ಮವರ ಪದ್ಧತಿಯನ್ನು ನೋಡಿ ನಗುವವರುಂಟು. ಆ ಟ್ಯೂಬು ಅಂಟಿನ ಬಲದಿಂದ ನಿಲ್ಲುವುದಿಲ್ಲ, ಬಿಗಿತದ ಬಲದಿಂದ ನಿಲ್ಲುತ್ತದೆ. ಆದುದರಿಂದಲೇ ಒದ್ದೆಯಲ್ಲಿಯೂ, ಪಾಲಿಥೀನಿನ ಮೇಲೂ ಅದು ಕೆಲಸ ಮಾಡುತ್ತದೆ. ನಾಲ್ಕಾರು ರೂಪಾಯಿಯೂ ಆಗದ ಈ ವಿದ್ಯೆಯಲ್ಲಿ ನಾಚಿಕೆಪಡುವಂತಹದೇನೂ ಇಲ್ಲ.

ಇನ್ನು ನಮ್ಮನ್ನು ನಿಜವಾಗಿ ಕಾಡುವ ವಿಷಯಕ್ಕೆ ಬರೋಣ. ಈ ನಾಲ್ಕೂ ತಾಲ್ಲೂಕುಗಳಲ್ಲಿ ಬಡವರ ಮನೆಯ ಮಾಡೆಂದರೆ ಬಹಳಷ್ಟು ಕಡೆ ಹಳೆಯ ಸಿಮೆಂಟ್ ಶೀಟು. ಅದನ್ನು ಸಿಮೆಂಟ್ ಶೀಟು ಎನ್ನುತ್ತೇವೆಯೇ ಹೊರತು ಅದರೊಳಗೆ ಕಲ್ನಾರು ಇದೆಯೆಂಬುದನ್ನು ಮರೆತಿದ್ದೇವೆ. ಎಲ್ಲ ಬಗೆಯ ಕಲ್ನಾರೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಖಚಿತವಾಗಿ ಹೇಳಿದೆ. ಸುಮ್ಮನೆ ಮಾಡಿನ ಮೇಲೆ ಕುಳಿತಿರುವ ಗಟ್ಟಿ ಶೀಟಿನಿಂದ ಅಪಾಯ ಕಡಿಮೆ. ಅದನ್ನು ಕೊರೆದಾಗ, ಕತ್ತರಿಸಿದಾಗ, ಉಜ್ಜಿದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಸೇರುತ್ತವೆ. ಉಸಿರಿನೊಡನೆ ಒಳಹೊಕ್ಕು ಶ್ವಾಸಕೋಶದಲ್ಲಿ ನಾಟಿ ನಿಲ್ಲುತ್ತವೆ. ರೋಗ ತಲೆಯೆತ್ತುವುದು ಇಪ್ಪತ್ತು, ಮೂವತ್ತು ವರ್ಷಗಳ ಮೇಲೆ. ಹೀಗಾಗಿ ಯಾರ ಸಾವಿಗೆ ಯಾವ ಮಾಡು ಕಾರಣವೆಂದು ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರೆಯಲಾಗುವುದಿಲ್ಲ.

ಈಗ ಡಬ್ಬಿಯ ಸೂಚನೆಯನ್ನು ಓದಿ: ಬಳಸುವ ಮುನ್ನ ಜಾಗವನ್ನು ತಂತಿ ಬ್ರಶ್ಶಿನಿಂದ ಚೆನ್ನಾಗಿ ಉಜ್ಜಿ ಶುಚಿಗೊಳಿಸಬೇಕು ಎನ್ನುವುದು ಇಂತಹ ಸರಕುಗಳ ಸಾಮಾನ್ಯ ಸಲಹೆ. ತಗಡಿಗೆ ಸರಿಯಾದ ಈ ಸಲಹೆಯನ್ನು ಪಾಚಿಗಟ್ಟಿದ ಕಲ್ನಾರು ಶೀಟಿಗೆ ಅನ್ವಯಿಸಿದರೆ, ನೀರಿನಿಂದ ಕಾಪಾಡಿಕೊಳ್ಳಲು ಹೋಗಿ ವಿಷದ ಧೂಳನ್ನು ಕುಡಿದಂತಾಗುತ್ತದೆ. ಅದೂ ಮಾಡು ಉಜ್ಜುವ ಕೆಲಸ ಬೀಳುವುದು ರಜೆಯಲ್ಲಿರುವ ಹುಡುಗರ ತಲೆಗೆ. ಕೆಳಗೆ ಬಿದ್ದ ಪುಡಿಯನ್ನು ಗುಡಿಸುವುದು ಹೆಂಗಸರು. ಇದನ್ನು ನಾವು ಕಟುವಾಗಿಯೇ ಹೇಳುತ್ತೇವೆ: ಹಳೆಯ ಸಿಮೆಂಟ್ ಶೀಟನ್ನು ಒಣಗಿರುವಾಗ ಉಜ್ಜಬೇಡಿ, ಗರಗಸ ಹಾಕಬೇಡಿ, ಒಡೆದ ಚೂರುಗಳನ್ನು ಕುಟ್ಟಿ ಅಂಗಳಕ್ಕೆ ಹರಡಬೇಡಿ. ಅನಿವಾರ್ಯವಾಗಿ ಮುಟ್ಟಬೇಕಾದರೆ ನೀರು ಚಿಮುಕಿಸಿ ಒದ್ದೆ ಮಾಡಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಒಣಗಿಸಿ ಕೊಡವದೆ ಚೀಲದಲ್ಲಿ ಕಟ್ಟಿಡಿ. ಇಂತಹ ಶೀಟು ಸೋರುವುದು ಹಲವು ಸಲ ಬೋಲ್ಟು ಕೂತ ತೂತಿನಲ್ಲಿ; ಅಲ್ಲಿನ ವಾಷರ್ ಸವೆದಿರುತ್ತದೆ. ಹೊಸ ವಾಷರ್ ಹಾಕಿ ಬೋಲ್ಟು ಬಿಗಿದರೆ ಡಬ್ಬಿಯ ಅಗತ್ಯವೇ ಬೀಳದು. ಸೀಳಿದ ಶೀಟಿನ ಮೇಲೆ ತಗಡಿನ ತುಂಡನ್ನು ಹೊದಿಸುವುದೂ ಸುಲಭ. ಹತ್ತುವಾಗ ಶೀಟಿನ ಮೇಲೆ ನೇರವಾಗಿ ಕಾಲಿಡದೆ ತೊಲೆಯ ನೇರಕ್ಕೆ ಹಲಗೆ ಹಾಸಿಕೊಳ್ಳಿ. ಹಳೆಯ ಶೀಟು ಮನುಷ್ಯನ ಭಾರ ತಡೆಯುವುದಿಲ್ಲ. ರಬ್ಬರು ಬಳಿದ ಮೇಲೂ ತಡೆಯುವುದಿಲ್ಲ, ಬಿರುಕು ಎಲ್ಲಿದೆಯೆಂಬುದಷ್ಟೇ ಮರೆಯಾಗುತ್ತದೆ.

ಮಣ್ಣಿನ ಗೋಡೆಯದು ಇನ್ನೊಂದು ಬಗೆ. ಮಣ್ಣಿನ ಗೋಡೆ ಉಸಿರಾಡುತ್ತದೆ ಎನ್ನುವುದು ಕವಿಯ ಮಾತಲ್ಲ. ನೆಲದಿಂದ ಏರಿದ ತೇವ ಅದರ ಮೈಯಿಂದ ಹೊರಗೆ ಆರಬೇಕು. ಹೊರಮೈಗೆ ರಬ್ಬರಿನ ಪೊರೆ ಹೊದಿಸಿದರೆ ತೇವ ಒಳಗೇ ನಿಂತು ಬುಡ ಮೆತ್ತಗಾಗುತ್ತದೆ. ಹೊರಗೆ ಕರ್ರಗೆ ಗಟ್ಟಿಯಾಗಿ ಕಾಣುವ ಗೋಡೆ ಒಂದು ರಾತ್ರಿ ಕುಸಿದು ಬೀಳುವ ಸಾಧ್ಯತೆ ಇಲ್ಲಿದೆ. ಮಣ್ಣಿಗೆ ಮಣ್ಣು, ಸಗಣಿ, ಸುಣ್ಣವೇ ಸೈ; ಜೊತೆಗೆ ಅಗಲವಾದ ಸೂರು ಮತ್ತು ಬುಡದಲ್ಲಿ ನೀರು ನಿಲ್ಲದಂತೆ ಒಂದು ಕಾಲುವೆ. ಸಂತೆಬೆನ್ನೂರಿನ ಪುಷ್ಕರಣಿಯ ನಡುವೆ ನಿಂತಿರುವ ವಸಂತ ಮಂಟಪವನ್ನು ಹೋಗಿ ನೋಡಿ. ಹನುಮಪ್ಪ ನಾಯಕನ ಕಾಲದ, 16ನೆಯ ಶತಮಾನದ ಆ ಕಟ್ಟಡ ನೀರಿನ ನಡುವೆಯೇ ನಾನೂರಕ್ಕೂ ಹೆಚ್ಚು ಮಳೆಗಾಲಗಳನ್ನು ಕಂಡಿದೆ.

ಕುಡಿಯುವ ನೀರಿನ ತೊಟ್ಟಿಯ ಒಳಮೈಗೆ ಇದನ್ನು ಬಳಿಯುವ ಯೋಚನೆಯನ್ನಂತೂ ಬಿಡಬೇಕು. ಕುಡಿಯುವ ನೀರಿಗೆ ಸಲ್ಲುತ್ತದೆಂಬ ಸ್ಪಷ್ಟ ಪ್ರಮಾಣವಿಲ್ಲದ ಯಾವ ಬಣ್ಣವೂ, ಅಂಟೂ ಆ ಜಾಗಕ್ಕೆ ತಕ್ಕುದಲ್ಲ. ನಲ್ಲಿ ಪೈಪಿನ ಸೋರಿಕೆಯಲ್ಲಿ ಇನ್ನೂ ಒಂದು ಅಪಾಯ ಅಡಗಿದೆ. ನೀರು ಬಿಟ್ಟಾಗ ತೂತಿನಿಂದ ನೀರು ಹೊರಗೆ ಚಿಮ್ಮುತ್ತದೆ. ನೀರು ನಿಲ್ಲಿಸಿದಾಗ ಅದೇ ತೂತು ಅಕ್ಕಪಕ್ಕದ ಚರಂಡಿಯ ನೀರನ್ನು ಒಳಕ್ಕೆ ಎಳೆದುಕೊಳ್ಳಬಲ್ಲದು. 2023ರ ಆಗಸ್ಟ್‌ನಲ್ಲಿ ಜಗಳೂರಿನ ನೆರೆಯ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತ ಸುದ್ದಿಯನ್ನು ಓದಿದ ಮೇಲಾದರೂ ನಲ್ಲಿಯ ಪೈಪಿನ ತೂತನ್ನು ಹಗುರವಾಗಿ ಕಾಣಬಾರದು. ಅಲ್ಲಿ ತೇಪೆಯ ಮಾತಿಲ್ಲ, ಪೈಪಿನ ಆ ತುಂಡನ್ನೇ ಬದಲಿಸಬೇಕು. ಕರೆಂಟಿನ ಹರಿದ ವಯರಿಗೆ, ಗ್ಯಾಸಿನ ರಬ್ಬರು ಕೊಳವೆಗೆ ಇದನ್ನು ತುಂತುರಿಸುವ ಸಾಹಸವೂ ಬೇಡ. ವಿದ್ಯುತ್ತಿಗೆ ಬೆಸ್ಕಾಂನ 1912, ಗ್ಯಾಸಿನ ಸೋರಿಕೆಗೆ 1906, ಬೇರಾವುದೇ ಆಪತ್ತಿಗೆ 112 ಎಂಬ ಸಂಖ್ಯೆಗಳನ್ನು ಗೋಡೆಯ ಮೇಲೆ ಮಸಿಯಿಂದ ಬರೆದಿಡಿ.

ಕೆರೆಯ ಏರಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಹರಿದ್ರಾ ಹೊಳೆಗೆ ಎರಡು ಗುಡ್ಡಗಳ ನಡುವೆ ಅಡ್ಡಲಾಗಿ ಏರಿ ಕಟ್ಟಿ ನಿರ್ಮಿಸಿದ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಇಂದಿಗೂ ಚಿತ್ರದುರ್ಗದವರೆಗೆ ಕುಡಿಯುವ ನೀರು ಕೊಡುತ್ತಿದೆ. ಅದರ ಏರಿಯನ್ನು ನೋಡಿಕೊಳ್ಳಲು ಇಲಾಖೆಯಿದೆ. ಆದರೆ ಊರೂರಿನ ಸಣ್ಣ ಕೆರೆಗಳ ಏರಿಯನ್ನು ಮಳೆಯ ರಾತ್ರಿ ಕಾಯುವವರು ಊರವರೇ. ಏರಿಯ ಹಿಂಬದಿಯಲ್ಲಿ, ಅಂದರೆ ಹೊಲದ ಕಡೆ, ನೀರು ಜಿನುಗತೊಡಗಿದರೆ ಅದನ್ನು ಅಲ್ಲಿಯೇ ಅದುಮಿ ಮುಚ್ಚಿಬಿಡೋಣವೆಂದು ಎಲ್ಲರಿಗೂ ಅನಿಸುತ್ತದೆ. ಅದೇ ತಪ್ಪು. ಹೊರಬರುವ ದಾರಿಯನ್ನು ಮುಚ್ಚಿದರೆ ನೀರು ಏರಿಯ ಹೊಟ್ಟೆಯೊಳಗೆ ಒತ್ತಡ ಕಟ್ಟಿ ಬೇರೊಂದು ಕಡೆ ಒಡೆಯುತ್ತದೆ. ಮೊದಲು ನೋಡಬೇಕಾದದ್ದು ಜಿನುಗುವ ನೀರಿನ ಬಣ್ಣವನ್ನು. ತಿಳಿಯಾಗಿದ್ದರೆ ಸ್ವಲ್ಪ ಸಮಯವಿದೆ, ಕಣ್ಣಿಟ್ಟು ಕಾಯಬಹುದು. ರಾಡಿಯಾಗಿದ್ದರೆ ನೀರು ಏರಿಯ ಮಣ್ಣನ್ನು ಒಳಗಿನಿಂದ ಹೊತ್ತು ತರುತ್ತಿದೆ ಎಂದರ್ಥ. ಕೆಳಗಿನ ಮನೆಗಳನ್ನು ಎಬ್ಬಿಸಬೇಕಾದ ಹೊತ್ತು ಅದು. ಜಿನುಗಿನ ಮೇಲೆ ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ ಹಾಕಬೇಕು; ನೀರು ಸೋಸಿ ಹೊರಗೆ ಹೋಗಲಿ, ಮಣ್ಣು ಮಾತ್ರ ಉಳಿಯಲಿ. ನೆಲದಲ್ಲಿ ನೀರು ಬುಗ್ಗೆಯಂತೆ ಉಕ್ಕುತ್ತಿದ್ದರೆ ಅದರ ಸುತ್ತ ಮರಳಿನ ಚೀಲಗಳ ಬಳೆ ಕಟ್ಟಿ, ಒಳಗೆ ನೀರು ನಿಂತು ಎದುರೊತ್ತಡ ಕೊಡುವಂತೆ ಮಾಡಬೇಕು. ಕೋಡಿಯಲ್ಲಿ ಸಿಕ್ಕಿಕೊಂಡ ಕಸಕಡ್ಡಿ, ಮೀನಿನ ಬಲೆ, ಮುಳ್ಳಿನ ಕೊರಡುಗಳನ್ನು ತೆಗೆಸಬೇಕು.

ತುರ್ತು ದುರಸ್ತಿಯೆಂದರೇನು ಎಂಬುದಕ್ಕೆ ನಮ್ಮದೇ ಹೊಳೆಯ ಕೆಳಪಾತ್ರದಲ್ಲಿ ದೊಡ್ಡ ಪಾಠವೊಂದು ನಡೆದಿದೆ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ 19ನೆಯ ಕ್ರೆಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಆ ತೂತಿಗೆ ಬದಲಿ ಬಾಗಿಲು ಸಿದ್ಧವಿರಲಿಲ್ಲ. ಒತ್ತಡ ತಗ್ಗಿಸಲು ಬೇರೆ ಗೇಟುಗಳನ್ನೂ ತೆರೆದು, ತುಂಬಿದ ಜಲಾಶಯದ ನೀರನ್ನು ಹೊಳೆಗೆ ಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಉಕ್ಕಿನ ತಡೆಹಲಗೆಗಳನ್ನು ಕೆಲವೇ ದಿನಗಳಲ್ಲಿ ಮಾಡಿಸಿ, ಹರಿಯುವ ನೀರಿನಲ್ಲಿಯೇ ಇಳಿಸಿದರು. ಆ ಕೆಲಸಗಾರರ ಕೆಚ್ಚಿಗೆ ಎಷ್ಟು ನಮಸ್ಕರಿಸಿದರೂ ಸಾಲದು. ಅಷ್ಟಾದರೂ ಎಪ್ಪತ್ತು ವರ್ಷ ಹಳೆಯದಾದ ಅಣೆಕಟ್ಟೆಯ ಸರಪಳಿಯನ್ನು ಬೇಸಿಗೆಯಲ್ಲಿ ಸರಿಯಾಗಿ ಪರೀಕ್ಷಿಸಿ ಬದಲಿಸಿದ್ದರೆ ಆ ಕೆಚ್ಚಿನ ಅಗತ್ಯವಿರುತ್ತಿತ್ತೇ ಎಂಬ ಪ್ರಶ್ನೆ ಉಳಿಯುತ್ತದೆ.

ನಮ್ಮ ಪಂಚಾಯಿತಿಗಳ ಕಥೆಯೂ ಇದರ ಚಿಕ್ಕ ರೂಪವೇ. ಹೊಸ ಟ್ಯಾಂಕಿಗೆ ಉದ್ಘಾಟನೆಯಿದೆ, ಕಲ್ಲಿನ ಫಲಕವಿದೆ. ಹಳೆಯ ಟ್ಯಾಂಕಿನ ವಾಲ್ವಿಗೆ ಫಲಕ ಹಾಕುವವರಿಲ್ಲ. ಒಂದಿಷ್ಟು ಡಬ್ಬಿಗಳನ್ನು ಕೊಂಡು ‘ವಿಪತ್ತು ನಿರ್ವಹಣೆ’ ಎಂದು ಬಿಲ್ಲು ಬರೆದರೆ ದುರಸ್ತಿಯ ಹೊಣೆ ಮುಗಿಯಿತೆಂದು ಭಾವಿಸುವ ಅಪಾಯವಿದೆ. ಪಂಚಾಯಿತಿಯ ಕೋಣೆಯಲ್ಲಿ ಎರಡು ಮೂರು ಡಬ್ಬಿ ಇರಲಿ, ಬೇಡವೆನ್ನುವುದಿಲ್ಲ. ಅದಕ್ಕಿಂತ ಮೊದಲು ಅಲ್ಲಿ ತಾಡಪಾಲು, ನೂಲಿನ ಮತ್ತು ನೈಲಾನ್ ಹಗ್ಗ, ಖಾಲಿ ಚೀಲ, ಒಂದು ಟ್ರ್ಯಾಕ್ಟರ್ ಮರಳು, ಊರಿನ ಪೈಪುಗಳ ಅಳತೆಯ ಜೋಡಣೆ ತುಂಡುಗಳು, ಹಳೆಯ ಟ್ಯೂಬು, ಕಟ್ಟುತಂತಿ, ಟಾರ್ಚು ಇರಬೇಕು. ಕೀಲಿಕೈ ಯಾರ ಬಳಿಯಿದೆಯೆಂದು ಊರಿಗೇ ತಿಳಿದಿರಬೇಕು. 2019ರ ಆಗಸ್ಟ್‌ನಲ್ಲಿ ಹೊನ್ನಾಳಿಯ ತಗ್ಗಿನ ಬಡಾವಣೆಗಳಿಗೆ ತುಂಗಭದ್ರೆ ನುಗ್ಗಿದ್ದನ್ನು ಕಂಡವರಿಗೆ ಈ ಕೊನೆಯ ಮಾತಿನ ಬೆಲೆ ಗೊತ್ತು.

ಬಿರುಕಿನ ಮೇಲೆ ಏನನ್ನೇ ಬಳಿಯುವ ಮುನ್ನ ಅದರ ಫೋಟೋ ತೆಗೆದಿಡಿ. ಪಕ್ಕದಲ್ಲೊಂದು ಅಳತೆಪಟ್ಟಿಯೋ ಬೆಂಕಿಪೊಟ್ಟಣವೋ ಇರಲಿ. 2019ರ ನೆರೆಯಲ್ಲಿ ಸರ್ಕಾರ ಹಾನಿಯ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ, ಅಲ್ಪಸ್ವಲ್ಪ ಹಾನಿಗೆ 50 ಸಾವಿರ ರೂಪಾಯಿ. ಯಾವ ವರ್ಗವೆಂದು ತೀರ್ಮಾನವಾಗುವುದು ಬಂದು ನೋಡಿದವರ ಕಣ್ಣಿಗೆ ಕಂಡದ್ದರ ಮೇಲೆ. ಕರಿಯ ಪೊರೆಯಡಿ ಮುಚ್ಚಿಹೋದ ಬಿರುಕು ಅವರಿಗೆ ಕಾಣುವುದಿಲ್ಲ.

ಖಾಲಿ ಡಬ್ಬಿಯನ್ನು ಒಲೆಗೆ, ಕಸದ ಬೆಂಕಿಗೆ ಹಾಕಬಾರದು; ಉಳಿದ ಅನಿಲ ಸಿಡಿಯುತ್ತದೆ. ತೂತು ಮಾಡುವುದೂ, ಕೆರೆಯಂಚಿಗೆ ಎಸೆಯುವುದೂ ಬೇಡ. 2016ರ ಘನತ್ಯಾಜ್ಯ ನಿಯಮಗಳೇ ಬಣ್ಣದ ಡಬ್ಬಿ, ಕೀಟನಾಶಕದ ಡಬ್ಬಿಗಳನ್ನು ಮನೆಯ ಅಪಾಯಕಾರಿ ಕಸವೆಂದು ಬೇರೆಯಾಗಿಡಲು ಹೇಳಿದ್ದವು. ಇದನ್ನೂ ಅವುಗಳ ಜೊತೆಗೇ ಇಟ್ಟು ಕಸದ ಗಾಡಿಯವರಿಗೆ ತಿಳಿಸಿ ಕೊಡಿ.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸ. ನಿಮ್ಮ ಊರಿನ ಪ್ರತಿಯೊಂದು ನೀರಿನ ತೊಟ್ಟಿಯ ಬಳಿ ಹೋಗಿ, ಸೋರುವ ಜಾಗದ ಕೆಳಗೆ 200 ಮಿಲಿಲೀಟರಿನ ಲೋಟ ಹಿಡಿಯಿರಿ. ತುಂಬಲು ಎಷ್ಟು ನಿಮಿಷ ಹಿಡಿಯಿತೆಂದು ಬರೆದುಕೊಳ್ಳಿ. ಹತ್ತು ನಿಮಿಷದಲ್ಲಿ ತುಂಬಿದರೆ ದಿನಕ್ಕೆ 28.8 ಲೀಟರು. ಜಲಜೀವನ್ ಯೋಜನೆಯು ಒಬ್ಬರಿಗೆ ದಿನಕ್ಕೆಂದು ಇಟ್ಟ ಲೆಕ್ಕ 55 ಲೀಟರು, ಅಂದರೆ ಒಬ್ಬರ ಪಾಲಿನ ಅರ್ಧಕ್ಕಿಂತ ಹೆಚ್ಚು ಆ ಒಂದು ತೂತಿನಲ್ಲಿ ಹೋಗುತ್ತಿದೆ. ತೊಟ್ಟಿ ಎಲ್ಲಿದೆ, ಸೋರಿಕೆ ವಾಲ್ವಿನಲ್ಲೋ ಗೋಡೆಯಲ್ಲೋ ಪೈಪಿನ ಜೋಡಣೆಯಲ್ಲೋ, ಎಂದಿನಿಂದ ಸೋರುತ್ತಿದೆ ಎಂದು ಅಕ್ಕಪಕ್ಕದವರನ್ನು ಕೇಳಿ ಪಟ್ಟಿ ಮಾಡಿ. ಒಂದು ಪ್ರತಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಇನ್ನೊಂದನ್ನು ಗ್ರಾಮಸಭೆಯಲ್ಲಿ ಓದಿ. ಮೂರನೆಯದನ್ನು ನಮಗೆ ಕಳುಹಿಸಿ. ಬಂದ ಪಟ್ಟಿಗಳನ್ನು ಊರಿನ ಹೆಸರಿನೊಡನೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಮಾಡುತ್ತೇವೆ, ದೀಪಾವಳಿಯ ಹೊತ್ತಿಗೆ ಅವೇ ತೊಟ್ಟಿಗಳ ಕೆಳಗೆ ಮತ್ತೆ ಲೋಟ ಹಿಡಿದು ನೋಡುತ್ತೇವೆ.